ಸನ್‌ರೂಫಿನ ಲೆಕ್ಕ

(ಮೈಸೂರು ಕುವೆಂಪುನಗರದ ಒಂದು ಮನೆ. ಭಾನುವಾರ ಬೆಳಿಗ್ಗೆ. ಊಟದ ಮೇಜಿನ ತುಂಬ ಷೋರೂಮಿನ ಕೊಟೇಶನ್‌ಗಳು. ಶಂಕರನ ಕೈಯಲ್ಲಿ ಪೆನ್ನು. ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಹೆಂಡತಿ ವತ್ಸಲಳ ಕೈಯಲ್ಲಿ ಕ್ಯಾಲ್ಕುಲೇಟರ್. ಅಮ್ಮ ಹುರುಳಿಕಾಯಿ ನಾರು ಬಿಡಿಸುತ್ತಿದ್ದಾರೆ.)

ವತ್ಸಲ: ರೀ, ಯುಗಾದೀಲಿ 5 ಲಕ್ಷ ಅಂದಿದ್ರಿ. ಈ ಚೀಟೀಲಿ 9 ಲಕ್ಷದ 80 ಸಾವಿರ ಇದೆ.

ಶಂಕರ: ನಾನು 5 ಲಕ್ಷದ್ದನ್ನೇ ನೋಡೋಕೆ ಹೋಗಿದ್ದು ಕಣೇ. ಇನ್ನೊಂದು ಸ್ವಲ್ಪ ಹಾಕಿದ್ರೆ ಹಿಂದಿನ ಗ್ಲಾಸೂ ಬಟನ್ನಲ್ಲೇ ಇಳಿಯುತ್ತೆ ಸಾರ್ ಅಂದ. ಅದಕ್ಕಿನ್ನೊಂದು ಸ್ವಲ್ಪ ಹಾಕಿದ್ರೆ ಆಟೊಮ್ಯಾಟಿಕ್. ಕ್ಲಚ್ ತುಳಿಯೋ ತಲೆನೋವೇ ಇಲ್ಲ!

ಅಮ್ಮ: ಸೀರೆ ಅಂಗಡೀಲಿ ನಾನು ಇನ್ನೊಂದು ಸ್ವಲ್ಪ ಅಂದ್ರೆ ಮಾತ್ರ ಮುಖ ಗಂಟಿಕ್ಕೋತೀಯ.

ಶಂಕರ: ಅದು ಬೇರೆ ಅಮ್ಮ. ಈಗ ಬರೀ 40 ಸಾವಿರ ಸೇರಿಸಿದ್ರೆ ಸನ್‌ರೂಫೂ ಬರುತ್ತೆ. ಒಟ್ಟು 10 ಲಕ್ಷದ 20 ಸಾವಿರ.

ವತ್ಸಲ: ಬರೀ 40 ಅಲ್ಲ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದವರೆಗೆ ಲೈಫ್‌ಟೈಮ್ ಟ್ಯಾಕ್ಸು ನೂರಕ್ಕೆ 14. ದಾಟಿದ್ರೆ 17, ಅದೂ ಪೂರ್ತಿ ಬೆಲೆಗೆ. (ಗುಂಡಿ ಒತ್ತುತ್ತಾ) ಮೊದಲು 1,37,200 ಇತ್ತು. ಈಗ 1,73,400. ಟ್ಯಾಕ್ಸೇ 36,200 ಜಾಸ್ತಿ. ಸೆಸ್ಸು ಇನ್ನೂ ಸೇರಿಸಿಲ್ಲ.

ಅಮ್ಮ: ಅಂದ್ರೆ ಆ ಕಿಂಡಿಗೆ 76 ಸಾವಿರವಾ? ನಮ್ಮ ಅಡುಗೆಮನೆ ಕಿಟಕಿ ಚೌಕಟ್ಟು ಕೊಳೆತು ಎಷ್ಟು ವರ್ಷ ಆಯ್ತು, ಅದಕ್ಕೆ ನಿನ್ನ ಹತ್ರ ದುಡ್ಡಿಲ್ಲ.

ಶಂಕರ: ಎಲ್ಲಾ ಒಂದೇ ಸಲ ಕೊಡೋದಲ್ವಲ್ಲಮ್ಮ! ವಿಮೆ ಎಲ್ಲ ಸೇರಿ 12 ಲಕ್ಷದ ಮೇಲಾಗುತ್ತೆ. ನಾಲ್ಕೂವರೆ ಲಕ್ಷದ ಎಫ್‌ಡಿ ಮುರಿಸೋದು, 8 ಲಕ್ಷ ಸಾಲ, 7 ವರ್ಷದ ಕಂತು. ಗೊತ್ತೇ ಆಗಲ್ಲ.

ವತ್ಸಲ: ನನಗೆ ಗೊತ್ತಾಗುತ್ತೆ. 9 ಪರ್ಸೆಂಟ್ ಬಡ್ಡಿ ಹಿಡಿದ್ರೆ ತಿಂಗಳಿಗೆ 12,871. ಬಡ್ಡಿನೇ 2 ಲಕ್ಷದ 81 ಸಾವಿರ. ನೀವು ಕಂತು ಕಟ್ತಾನೇ ಇರ್ತೀರಿ, 5ನೇ ವರ್ಷಕ್ಕೆ ವಿಮೆಯವರು ಗಾಡಿಗೆ ಅರ್ಧ ಬೆಲೆ ಹಾಕಿರ್ತಾರೆ. ಅದಿರಲಿ, ತಿಂಗಳಿಗೆ ಎಷ್ಟು ಓಡಿಸ್ತೀರಿ?

ಶಂಕರ: ಆಫೀಸಿಗೆ ಸ್ಕೂಟರೇ. ಅಲ್ಲಿ ಪಾರ್ಕಿಂಗ್ ಇಲ್ಲ. ಅಮ್ಮನ್ನ ನಂಜನಗೂಡಿಗೆ ಕರ್ಕೊಂಡು ಹೋಗೋದು, ಒಂದು ಮದುವೆ, ಒಂದು ಮುಂಜಿ... 200 ಕಿಲೋಮೀಟರ್ ಆಗಬಹುದು.

ವತ್ಸಲ: ಹಾಗಾದ್ರೆ ಪೆಟ್ರೋಲ್ ಹಾಕಿಸೋಕೆ ಮುಂಚೆನೇ ಕಿಲೋಮೀಟರಿಗೆ 64 ರೂಪಾಯಿ.

ಅಮ್ಮ: ಶ್ರೀಕಂಠೇಶ್ವರ! ಅಷ್ಟು ದುಡ್ಡು ನಿನ್ನ ಹುಂಡಿಗೆ ಹಾಕಿದ್ರೆ ನೀನೇ ಮನೆಗೆ ಬಂದು ದರ್ಶನ ಕೊಡ್ತಿದ್ದೆ.

ಶಂಕರ: (ಪೆನ್ನು ಕೆಳಗಿಟ್ಟು) ಹಾಗಾದ್ರೆ ಕಾರೇ ಬೇಡ ಅನ್ನಿ ಇಬ್ರೂ.

ವತ್ಸಲ: ಬೇಡ ಅಂತ ಯಾರಂದ್ರು? ಅತ್ತೆಗೆ ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ, ಕಾರು ಬೇಕು. ನಮ್ಮ ಮ್ಯಾನೇಜರ್ ತಮ್ಮ ಗಾಡಿ ಕೊಡ್ತಾರಂತೆ. 5 ವರ್ಷದ್ದು, 38 ಸಾವಿರ ಕಿಲೋಮೀಟರ್ ಓಡಿದೆ, 4 ಲಕ್ಷ. ಲೈಫ್‌ಟೈಮ್ ಟ್ಯಾಕ್ಸು ಅವರೇ ಕಟ್ಟಿದ್ದಾರೆ, ನಾವು ಮತ್ತೆ ಕಟ್ಟೋ ಹಾಗಿಲ್ಲ. ಸಾಲ ತೀರಿಸಿ ಆರ್‌ಸಿಯಿಂದ ಬ್ಯಾಂಕಿನ ಹೆಸರೂ ತೆಗೆಸಿದ್ದಾರೆ. ಎಫ್‌ಡೀಲಿ ಮಿಕ್ಕ 50 ಸಾವಿರದಲ್ಲಿ ಟೈರು, ವಿಮೆ, ಹೆಸರು ವರ್ಗಾವಣೆ ಎಲ್ಲ ಮುಗಿಯುತ್ತೆ.

ಶಂಕರ: ಸೆಕೆಂಡ್ ಹ್ಯಾಂಡಾ? ಎದುರು ಮನೆಯವರು ಏನಂದ್ಕೋತಾರೆ?

ಅಮ್ಮ: ಅವರು ನಿನ್ನ ಕಂತಲ್ಲಿ ಪಾಲು ಕೊಡ್ತಾರಾ ಕೇಳ್ಕೊಂಡು ಬಾ. ಕೊಟ್ರೆ ಹೊಸದೇ ತಗೊಳ್ಳೋಣ.

ಶಂಕರ: (ಸ್ವಲ್ಪ ಹೊತ್ತು ಯೋಚಿಸಿ) ಆಯ್ತು. 4 ಲಕ್ಷ, ಫೈನಲ್. ಮುಂದಿನ ಸೋಮವಾರವೇ ನಂಜನಗೂಡು. ನಾನೇ ಡ್ರೈವ್ ಮಾಡ್ತೀನಿ.

ವತ್ಸಲ: ಎಲ್ಲಿ, ನಿಮ್ಮ ಡಿಎಲ್ ಕೊಡಿ.

(ಶಂಕರ ಪರ್ಸಿನಿಂದ ತೆಗೆದು ಕೊಡುತ್ತಾನೆ. ವತ್ಸಲ ಕನ್ನಡಕ ಸರಿಮಾಡಿಕೊಂಡು ಓದುತ್ತಾಳೆ.)

ವತ್ಸಲ: ಗೇರ್ ಇರೋ ಮೋಟಾರ್ ಸೈಕಲ್. ಬೇರೇನೂ ಇಲ್ಲವಲ್ರೀ ಇದರಲ್ಲಿ?

ಶಂಕರ: ಅದೇನು ಮಹಾ! ನಾಳೇನೇ ಎಲ್‌ಎಲ್ ಮಾಡಿಸ್ತೀನಿ. 30 ದಿನ ಆದ್ಮೇಲೆ ಟೆಸ್ಟು, ಆಯ್ತು.

ವತ್ಸಲ: ಅಲ್ಲೀವರೆಗೂ ಗಾಡಿ ನಿಲ್ಲಿಸ್ಬೇಕಾ? ನನ್ನ ಡಿಎಲ್‌ನಲ್ಲಿ ಕಾರೂ ಇದೆ. ಮದುವೆಗೆ ಮುಂಚೆ ಅಪ್ಪ ಕಲಿಸಿದ್ರು. ಇಷ್ಟು ವರ್ಷದಲ್ಲಿ ನೀವು ಕೇಳಲೇ ಇಲ್ಲ.

ಅಮ್ಮ: ಸರಿ ಹೋಯ್ತು. ವತ್ಸಲ ಓಡಿಸ್ಲಿ, ನಾನು ಮುಂದೆ ಕೂತ್ಕೋತೀನಿ. ಹಿಂದಿನ ಸೀಟಲ್ಲಿ ಹೂವು, ಹಣ್ಣು, ಬುತ್ತಿ.

ಶಂಕರ: ಮತ್ತೆ ನಾನು?

ಅಮ್ಮ: ನಿನಗೆ ಸನ್‌ರೂಫ್ ಬೇಕು ಅಂದ್ಯಲ್ಲಪ್ಪ, ಸ್ಕೂಟರಲ್ಲಿ ಹಿಂದೆ ಬಾ. ಅದಕ್ಕೆ ಟ್ಯಾಕ್ಸೂ ಇಲ್ಲ.