ಒತ್ತುವರಿ ಮಾಡಿದ ಬೇರು

(ಬೆಂಗಳೂರಿನ ಒಂದು ಬಡಾವಣೆ. ರಾತ್ರಿ ಮಳೆಗೆ ಗುಲ್‌ಮೊಹರ್ ಮರ ಉರುಳಿದೆ. ಬುಡದ ಬಳಿ ನಿವೃತ್ತ ಮೇಷ್ಟ್ರು, ಫುಟ್‌ಪಾತ್ ಕಂಟ್ರಾಕ್ಟರ್.)

ಮೇಷ್ಟ್ರು: ಏನಪ್ಪಾ, ಮರ ಬಿತ್ತಲ್ಲ?

ಕಂಟ್ರಾಕ್ಟರ್: ಮರದ್ದೇ ತಪ್ಪು ಸಾರ್. ಪಕ್ಕದ ಕಾಂಕ್ರೀಟ್ ನೋಡಿ, ಅಲ್ಲಾಡಿಲ್ಲ.

ಮೇಷ್ಟ್ರು: ಬುಡಕ್ಕೇ ಕಾಂಕ್ರೀಟ್ ಮೆತ್ತಿದ್ರೆ ಬೇರು ಉಸಿರಾಡೋದು ಹೇಗೆ?

ಕಂಟ್ರಾಕ್ಟರ್: ಉಸಿರಾಡೋದು ಎಲೆ ಅಲ್ವಾ ಸಾರ್?

ಮೇಷ್ಟ್ರು: ಬೇರಿಗೂ ಆಮ್ಲಜನಕ ಬೇಕಯ್ಯ. ಮಣ್ಣಿನ ಕಣಗಳ ಸಂದಿಯಲ್ಲಿ ಗಾಳಿ, ನೀರು ಇರುತ್ತೆ. ನೀನು ರೋಲರ್ ಹೊಡೆದು ಸಂದೀನೇ ಮುಚ್ಚಿದೆ.

ಕಂಟ್ರಾಕ್ಟರ್: ಟೆಂಡರ್‌ನಲ್ಲಿ ‘ಚೆನ್ನಾಗಿ ದಮ್ಮಸು ಮಾಡಬೇಕು’ ಅಂತಿದೆ. ‘ಸಂದಿ ಬಿಡಬೇಕು’ ಅಂತಿಲ್ಲ.

ಮೇಷ್ಟ್ರು: ಕೇಬಲ್‌ಗೆ ಅಗೆಯುವಾಗ ಬೇರು ಕಡಿದದ್ದು?

ಕಂಟ್ರಾಕ್ಟರ್: ಬೇರು ಪಾತಾಳಕ್ಕೆ ಹೋಗ್ಬೇಕು. ಮೇಲ್ಯಾಕೆ ಬರ್ಬೇಕು?

ಮೇಷ್ಟ್ರು: ಹೆಚ್ಚಿನ ಬೇರುಗಳು ಮೇಲಿನ 3 ಅಡಿ ಮಣ್ಣಲ್ಲೇ ಹರಡೋದು. ಗಾಳಿ, ನೀರು ಸಿಗೋದು ಅಲ್ಲೇ.

ಕಂಟ್ರಾಕ್ಟರ್: ಹಾಗಾದ್ರೆ ಒತ್ತುವರಿ! ಅದು ಕೇಬಲ್ ಜಾಗ.

ಮೇಷ್ಟ್ರು: ದಿಲ್ಲಿಯಲ್ಲಿ ಮರದ ಸುತ್ತ 1 ಮೀಟರ್ ಕಾಂಕ್ರೀಟ್ ಕೀಳಿ ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ.

ಕಂಟ್ರಾಕ್ಟರ್: (ಕಣ್ಣರಳಿಸಿ) ಕೀಳೋಕೂ ಟೆಂಡರ್ ಇದ್ಯಾ ಸಾರ್? ಹಾಕಿದ್ದಕ್ಕೊಂದು ಬಿಲ್ಲು, ಕಿತ್ತಿದ್ದಕ್ಕೊಂದು ಬಿಲ್ಲು!

ಮೇಷ್ಟ್ರು: ಮಳೆನೀರು ಇಂಗದೆ ರಸ್ತೆಯೇ ಹೊಳೆಯಾಗಿದೆಯಲ್ಲೋ!

ಕಂಟ್ರಾಕ್ಟರ್: ಮೋರಿ ಅಗಲ ಮಾಡೋ ಕೆಲಸ ಬೇರೆ ಬಿಲ್ಲು ಸಾರ್. ಅದೂ ನಂದೇ.

ಮೇಷ್ಟ್ರು: ಈ ಮರಕ್ಕೆ ಬದಲು?

ಕಂಟ್ರಾಕ್ಟರ್: ಜೂನ್ 5ಕ್ಕೆ, ಪರಿಸರ ದಿನಕ್ಕೆ, ಹತ್ತು ಸಸಿ ನೆಡ್ತೀವಿ. ಶಾಮಿಯಾನ ಹೇಳಾಯ್ತು.

ಮೇಷ್ಟ್ರು: ನೆಡೋಕೆ ಮಣ್ಣೆಲ್ಲಿದೆ?

ಕಂಟ್ರಾಕ್ಟರ್: ಸಿಮೆಂಟ್ ಕುಂಡ ಇದ್ಯಲ್ಲ ಸಾರ್! ಹೇಗಿದ್ರೂ ಫೋಟೊದಲ್ಲಿ ಬೇರು ಕಾಣಲ್ಲ.