ಕತೆ ಹೇಳೋದಿಲ್ಲ, ನೀನೇ ಓದು

ಓದು ನಿಂತುಹೋಗಿದೆ ಅಂತ ಯಾರ ಮುಂದಾದರೂ ಹೇಳಿಕೊಳ್ಳಿ, ನಮ್ಮ ಬೀದಿಯ ಪುಸ್ತಕದ ಡಾಕ್ಟರ ಮುಂದೆ ಮಾತ್ರ ಬೇಡ. ನಾನು ಹೇಳಿಕೊಂಡೆ. ಹಾಲಿನ ಬೂತಿನ ಹತ್ತಿರ, ಬೆಳಿಗ್ಗೆ ಆರೂವರೆಗೆ, ಸುಮ್ಮನೆ ಮಾತಿಗೆ. "ಈಚೆಗೆ ಪುಸ್ತಕ ಹಿಡಿದರೆ ಹತ್ತು ಪುಟ ದಾಟೋದಿಲ್ಲ ಸಾರ್, ಕೈ ತಾನಾಗಿ ಮೊಬೈಲ್ ಕಡೆ ಹೋಗುತ್ತೆ." ಅವರು ಹಾಲಿನ ಪ್ಯಾಕೆಟ್ಟನ್ನು ಎಡಗೈಗೆ ಬದಲಾಯಿಸಿಕೊಂಡು, ನನ್ನ ಮುಖವನ್ನೇ ದಿಟ್ಟಿಸಿ, "ಎಷ್ಟು ದಿನದಿಂದ?" ಅಂದರು. ನಾಲಿಗೆ ಚಾಚು ಅನ್ನಲಿಲ್ಲ, ಅಷ್ಟೆ.

ಹತ್ತು ಗಂಟೆಗೆ ಬಟ್ಟೆ ಚೀಲ ಹಿಡಿದು ಮನೆಗೇ ಬಂದರು.

ಡಾಕ್ಟರೆಂದರೆ ನಿಜವಾದ ಡಾಕ್ಟರಲ್ಲ, ನಿವೃತ್ತ ಬ್ಯಾಂಕ್ ಮ್ಯಾನೇಜರು. ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಇವರ ಪ್ರತಿ ಪುಸ್ತಕಕ್ಕೂ ಬ್ರೌನ್ ಪೇಪರಿನ ಹೊದಿಕೆ, ಬೆನ್ನ ಮೇಲೆ ನಂಬರು, ಎರವಲು ಕೊಟ್ಟದ್ದಕ್ಕೆ ಉದ್ದನೆಯ ಲೆಡ್ಜರು. ಸಾಲದ ಕಂತು 90 ದಿನ ಮೀರಿ ಬಾಕಿ ಬಿದ್ದರೆ ಬ್ಯಾಂಕಿನವರು ಎನ್‌ಪಿಎ ಅನ್ನುತ್ತಾರಲ್ಲ, ಈ ಲೆಡ್ಜರಿನಲ್ಲೂ ಅದೇ ಕಾನೂನು. ಎದುರುಮನೆಯವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಆ ಮೂರಕ್ಷರ ಬಿದ್ದು ನಾಲ್ಕು ವರ್ಷವಾಯಿತು. ಅವರು ತೆಗೆದುಕೊಂಡಿದ್ದು 'ಮಲೆಗಳಲ್ಲಿ ಮದುಮಗಳು'. ಪಾಪ, ಈಗ ಹಾಲು ತರುವುದಕ್ಕೆ ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಾರೆ.

"ನಿನಗೆ ಆಗಿರೋದು ಓದಿನ ಅಗ್ನಿಮಾಂದ್ಯ ಕಣಯ್ಯಾ. ಮೊದಲು ಗಂಜಿ, ಆಮೇಲೆ ಮುದ್ದೆ" ಎನ್ನುತ್ತಾ ಚೀಲದಿಂದ ತೇಜಸ್ವಿಯವರ 'ಕಾಡಿನ ಕತೆಗಳು' ತೆಗೆದರು. ಕೆನೆತ್ ಆಂಡರ್ಸನ್ನನ ನರಭಕ್ಷಕಗಳು. ಮದ್ದಿನ ಆಯ್ಕೆಯಲ್ಲಿ ಒಂದಿಷ್ಟೂ ತಪ್ಪಿಲ್ಲ. ಹುಲಿ ಪೊದೆಯ ಆಚೆ ಉಸಿರು ಬಿಡುತ್ತಿರುವಾಗ ಯಾರು ಮೊಬೈಲ್ ನೋಡುತ್ತಾರೆ? ಎಡವಟ್ಟಾಗುವುದು ಕುಡಿಸುವ ಕ್ರಮದಲ್ಲಿ. "ಕತೆ ಹೇಳೋದಿಲ್ಲ, ನೀನೇ ಓದು" ಅನ್ನುತ್ತಾರೆ. ಆ ಮಾತು ಬಂತೆಂದರೆ ಇನ್ನು ಮುಕ್ಕಾಲು ಗಂಟೆ ಕತೆಯೇ. ಹನ್ನೊಂದಕ್ಕೆಲ್ಲ ಹುಲಿಗಳು ಒಂದೊಂದಾಗಿ ನಮ್ಮ ದಿವಾನದ ಮೇಲೆ ಸತ್ತು ಮಲಗಿದವು.

ಆಮೇಲೆ 'ಕರ್ವಾಲೋ'. "1980ರ ಪುಸ್ತಕ, ಈಗಲೂ ಹಬೆಯಾಡುತ್ತೆ" ಎಂದವರೇ ಸೋಫಾದ ತುದಿಗೆ ಜರುಗಿ, ಎರಡೂ ತೋಳು ಅಗಲಿಸಿ, ಹಾರುವ ಓತಿ ಪ್ರಪಾತದ ಅಂಚಿನಿಂದ ಜಿಗಿದು ಕಣ್ಮರೆಯಾಗುವುದನ್ನು ಮಾಡಿ ತೋರಿಸಿದರು. ಅದರ ಜತೆಗೆ ಒಂದು ಕಾಫಿ ಲೋಟವೂ ಹಾರಿತು. ಭೈರಪ್ಪನವರ 'ಪರ್ವ'ದ ಕೊನೆಯನ್ನೂ ಹೇಳಿದರು. ಅದಕ್ಕೆ ನಾನು ಬೇಸರಪಟ್ಟುಕೊಳ್ಳಲಿಲ್ಲ, ಕುರುಕ್ಷೇತ್ರದಲ್ಲಿ ಗೆದ್ದವರು ಯಾರು ಅನ್ನುವಷ್ಟು ನನಗೂ ಗೊತ್ತು. ಅವರ ಕೈಯಿಂದ ತಪ್ಪಿಸಿಕೊಂಡದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್' ಒಂದೇ. ಕೊನೆಗೆ ಏನಾಯಿತೆಂದು ಲೇಖಕರೇ ಬಿಡಿಸಿ ಹೇಳಿಲ್ಲವಾದ್ದರಿಂದ ಡಾಕ್ಟರು ಸ್ವಲ್ಪ ಹೊತ್ತು ಚಡಪಡಿಸಿ, ಏನಾಗಿರಬಹುದು ಎಂದು ಮೂರು ಬಗೆಯಲ್ಲಿ ವಿವರಿಸಿ ಎದ್ದರು.

ರಾತ್ರಿ ಒಂಬತ್ತಕ್ಕೆ ಫೋನು. "ಎಷ್ಟನೇ ಪುಟ?"

ಓದಿರಲಿಲ್ಲ. "ಕರ್ವಾಲೋ, ಐವತ್ತು" ಅಂದೆ.

"ಹಾಗಾದರೆ ಪ್ಯಾರ ಸಿಕ್ಕಿರಬೇಕಲ್ಲ!"

"ಸಿಕ್ಕಿದರು ಸಾರ್. ಬಹಳ ದೊಡ್ಡ ವಿಜ್ಞಾನಿ."

ಆ ಕಡೆ ದೀರ್ಘ ಮೌನ. ಪ್ಯಾರ ತೋಟದ ಕೆಲಸದವನು ಎಂದು ತಿಳಿದುಕೊಳ್ಳುವುದಕ್ಕಾದರೂ ಪುಸ್ತಕ ತೆರೆಯಬೇಕಿತ್ತು. ಮಾರನೆಯ ದಿನದಿಂದ ನಾನೂ ಹಿಂದಿನ ಬೀದಿಯಿಂದ ಹಾಲು ತರತೊಡಗಿದೆ. ಎದುರುಮನೆಯವರು ಅಲ್ಲಿ ಸಿಕ್ಕಿ, ಏನೂ ಕೇಳದೆ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ನವರಾತ್ರಿಗೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದಾಗ ಅದರ ತಳದಲ್ಲಿ ಅಮ್ಮನ ಕಾಲದ ಪತ್ತೇದಾರಿ ಕಾದಂಬರಿಯೊಂದು ಸಿಕ್ಕಿತು. ರಟ್ಟಿಲ್ಲ, ಹೆಸರಿಲ್ಲ, ಮೊದಲ ನಾಲ್ಕು ಪುಟವಿಲ್ಲ. ಪತ್ತೇದಾರ ಪುರುಷೋತ್ತಮ ಇದ್ದ, ಹಾಗಾಗಿ ಎನ್. ನರಸಿಂಹಯ್ಯನವರದೇ. ನಾಲ್ಕನೇ ತರಗತಿಯವರೆಗೆ ಓದಿ ನೂರಾರು ಕಾದಂಬರಿ ಬರೆದ ಆ ಪುಣ್ಯಾತ್ಮ ನನ್ನನ್ನು ಏಣಿಯ ಮೇಲೆಯೇ ಹಿಡಿದು ನಿಲ್ಲಿಸಿಬಿಟ್ಟರು. ಕೆಳಗೆ ಮೊಬೈಲು ಎರಡು ಸಲ ಬಡಿದುಕೊಂಡಿತು, ಬಡಿದುಕೊಳ್ಳಲಿ. ಹೆಂಡತಿ "ಪಟ್ಟದ ಗೊಂಬೆ ಎಲ್ಲಿ?" ಎಂದು ಕೂಗುವ ಹೊತ್ತಿಗೆ ನಾನು ಪಾಳುಬಂಗಲೆಯ ನೆಲಮಾಳಿಗೆಯಲ್ಲಿದ್ದೆ. ಅಲ್ಲಿ ಕೊಲೆಗಾರ ಮುಖದ ಬಟ್ಟೆ ತೆಗೆಯಲು ಕೈಯೆತ್ತಿದ. ಪುಸ್ತಕ ಮುಗಿದಿತ್ತು.

ಅಮ್ಮ ಯಾವ ಕಾಲದಲ್ಲೋ ಕೊನೆಯ ಪುಟಗಳನ್ನು ಹರಿದು ಗೊಂಬೆಗಳಿಗೆ ಸುತ್ತಿದ್ದಳು. ರಾಜ, ರಾಣಿ, ಶೆಟ್ಟಿ, ಶೆಟ್ಟಮ್ಮ, ಬ್ಯಾಂಡ್‌ಸೆಟ್ಟಿನವರು, ಎಲ್ಲರ ಬಟ್ಟೆ ಬಿಚ್ಚಿದೆ. ಶೆಟ್ಟಿಯ ಹೊಟ್ಟೆಯ ಸುತ್ತ ಒಂದು ಪುಟ ಸಿಕ್ಕಿತು: ಪುರುಷೋತ್ತಮ ಎಲ್ಲರಿಗೂ ಕಾಫಿ ತರಿಸುತ್ತಾನೆ. ಅಷ್ಟೇ.

ಬೇರೆ ದಾರಿಯಿರಲಿಲ್ಲ. ಡಾಕ್ಟರ ಮನೆಯ ಬಾಗಿಲು ತಟ್ಟಿದೆ. ಅವರು ಆ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು, "ಇದೆಲ್ಲ ಓದ್ತೀಯಾ?" ಎಂದು ಮೂಗು ಮುರಿದರು. ನಿಂತಲ್ಲೇ ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು. ಮುಖ ಅರಳಿತು. "ಓ, ಇದಾ! ಹೈಸ್ಕೂಲಿನಲ್ಲಿ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡು ಓದಿದ್ದೆ."

"ಕೊಂದವನು ಯಾರು ಸಾರ್?"

ಅವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಕೊನೆ ಹೇಳಬಾರದು ಕಣಯ್ಯಾ. ಓದೋ ಸುಖವೇ ಹೊರಟುಹೋಗುತ್ತೆ."