ಚುಕ್ಕೆ ಗುರುತಿನ ಪಿಂಚಣಿ

ನಿವೃತ್ತರಾದ ಗಂಡಸರು ಬೆಳಿಗ್ಗೆ ಹನ್ನೊಂದು ಗಂಟೆಗೆ ಮನೆಯಲ್ಲಿ ಇರಬಾರದು ಎಂಬುದು ನನ್ನಾಕೆಯ ದೃಢವಾದ ಅಭಿಪ್ರಾಯ. ಆ ಹೊತ್ತಿಗೆ ಮನೆ ಒರೆಸಿ ಆಗಿರುತ್ತದೆ, ಕುಕ್ಕರ್ ಇನ್ನೂ ಕೂಗಿರುವುದಿಲ್ಲ, ಹಿಂದಿನ ರಾತ್ರಿಯ ಧಾರಾವಾಹಿ ಮತ್ತೊಮ್ಮೆ ಬರುವ ಸಮಯ. ನಾನೋ ರಿಮೋಟು ಹಿಡಿದು ಸಂಸದ್ ಟಿವಿ ಹಾಕಿಕೊಂಡು ಕೂತಿರುತ್ತೇನೆ. ಲೋಕಸಭೆಯ ಪ್ರಶ್ನೋತ್ತರ ವೇಳೆ ಶುರುವಾಗುವುದೂ ಹನ್ನೊಂದಕ್ಕೇ. “ಅಲ್ಲೂ ಕಿತ್ತಾಡ್ತಾರೆ, ಇಲ್ಲೂ ಕಿತ್ತಾಡ್ತಾರೆ. ನಮ್ಮದರಲ್ಲಿ ಸೀರೆಗಳಾದ್ರೂ ಚೆನ್ನಾಗಿರ್ತವೆ” ಅನ್ನುತ್ತಾಳೆ. ನನ್ನ ಹತ್ತಿರ ಉತ್ತರವಿಲ್ಲ. ಗದ್ದಲವಾಗಿ ಕಲಾಪ ಹನ್ನೆರಡಕ್ಕೆ ಮುಂದೂಡಿದ ದಿನ ರಿಮೋಟು ತಾನಾಗಿ ಅವಳ ಕೈ ಸೇರುತ್ತದೆ. ವಿರೋಧ ಪಕ್ಷ ಯಾವುದೇ ಇರಲಿ, ಅದು ಸದನದ ಬಾವಿಗಿಳಿದು ಕೂಗಾಡಲಿ ಎಂದು ಮನಸಾರೆ ಹಾರೈಸುವ ಮತದಾರಳು ನಮ್ಮ ಮನೆಯಲ್ಲಿದ್ದಾಳೆ.

ನನಗೆ ಈ ಹುಚ್ಚು ಹತ್ತಿದ್ದು ಪಿಂಚಣಿಯಿಂದ. ನಾನು ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಟರ್ನರ್ ಆಗಿದ್ದವನು. ಎಚ್‌ಎಂಟಿಯಂಥ ದೊಡ್ಡ ಕಾರ್ಖಾನೆಗಳ ಗೇಟಿನ ಹೊರಗೆ ಜಾಬ್‌ವರ್ಕ್ ಮಾಡಿ ಬದುಕಿದ ಸಾವಿರಾರು ಸಣ್ಣ ಶೆಡ್ಡುಗಳಲ್ಲಿ ನಮ್ಮದೂ ಒಂದು. ಮಾಲೀಕರು ಒಳ್ಳೆಯವರು, ಪಿಎಫ್ ಕಟ್ಟುತ್ತಿದ್ದರು. ಅವರು ಕಟ್ಟಿದ ಪಾಲಿನಲ್ಲಿ ಸಂಬಳದ ಶೇಕಡ 8.33 ಭಾಗ ಪಿಂಚಣಿ ನಿಧಿಗೆ ಹೋಗುತ್ತಿತ್ತು. ಇದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ. ಇಪಿಎಸ್-95 ಎಂದರೆ ನಮ್ಮ ಪಾರ್ಕಿನ ಬೆಂಚಿನ ಮೇಲೆ ಕೂರುವವರಿಗೆಲ್ಲ ಗೊತ್ತು. ಅದರ ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಲೇತಿನ ಗೇರ್ ಲೆಕ್ಕವನ್ನೆಲ್ಲ ಬಾಯಲ್ಲೇ ಹಾಕುತ್ತಿದ್ದ ನನಗೆ ಈ 70 ಮಾತ್ರ ಎಷ್ಟು ಸಲ ತಿರುಗಿಸಿದರೂ ಹಲ್ಲು ಕಚ್ಚಲಿಲ್ಲ. ನನ್ನ ಕಾಲದಲ್ಲಿ ಲೆಕ್ಕ ಹಿಡಿಯುತ್ತಿದ್ದ ಸಂಬಳದ ಮಿತಿಯೇ 6,500 ರೂಪಾಯಿ. ಬಂದ ಪಿಂಚಣಿ ಎಷ್ಟೆಂದು ನೀವು ಕೇಳಬೇಡಿ. ಕೇಳಿದರೂ ಲಿಖಿತ ಉತ್ತರ ಕೊಡುತ್ತೇನೆ.

ಲಿಖಿತ ಎಂದ ಕೂಡಲೇ ನೆನಪಾಯಿತು. ಸಂಸತ್ತಿನಲ್ಲಿ ಪ್ರಶ್ನೆ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಬಾಯಿಬಿಟ್ಟು ಉತ್ತರ ಹೇಳಬೇಕು, ಮೇಲಿಂದ ಉಪಪ್ರಶ್ನೆಗಳನ್ನೂ ತಡೆದುಕೊಳ್ಳಬೇಕು. ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲಿ ಬರೆದು ಕೊಟ್ಟರೆ ಮುಗಿಯಿತು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಯಾರ ಪ್ರಶ್ನೆಗೆ ಚುಕ್ಕೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆ 20ರಲ್ಲೂ ಆ ಒಂದು ಗಂಟೆಯಲ್ಲಿ ಬಾಯಿಗೆ ಬರುವುದು ಬೆರಳೆಣಿಕೆಯಷ್ಟು. ಹದಿನೈದು ದಿನ ಮೊದಲೇ ಸೂಚನೆ ಕೊಟ್ಟು, ಚೀಟಿಯಲ್ಲಿ ಗೆದ್ದು, ಸರದಿ ಬರುವ ಹೊತ್ತಿಗೆ ಸರಿಯಾಗಿ ಯಾರೋ ಭಿತ್ತಿಪತ್ರ ಎತ್ತಿ ಹಿಡಿದರೆ ಎಲ್ಲವೂ ಮುಗಿಯಿತು.

ನಮ್ಮ ಪೀಣ್ಯದವರ ಕಷ್ಟ ಇದಕ್ಕಿಂತ ವಿಚಿತ್ರ. ನಾವು ಬೆಂಗಳೂರು ಉತ್ತರ ಕ್ಷೇತ್ರಕ್ಕೆ ಸೇರಿದವರು. 2014ರಲ್ಲಿ ಡಿ.ವಿ. ಸದಾನಂದ ಗೌಡರನ್ನು ಕಳಿಸಿದೆವು. ಅವರು ಹೋದ ಕೂಡಲೇ ಸಚಿವರಾದರು, 2021ರವರೆಗೂ ಆಗಿದ್ದರು. 2024ರಲ್ಲಿ ಶೋಭಾ ಕರಂದ್ಲಾಜೆಯವರನ್ನು ಕಳಿಸಿದೆವು. ಅವರು ಕಾರ್ಮಿಕ ಮತ್ತು ಉದ್ಯೋಗ ಖಾತೆಗೂ, ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳ ಖಾತೆಗೂ ರಾಜ್ಯ ಸಚಿವರಾದರು. ಪಿಎಫ್ ಕಟ್ಟುವ ಮಾಲೀಕ, ಪಿಎಫ್ ಪಡೆಯುವ ಕಾರ್ಮಿಕ ಇಬ್ಬರ ಖಾತೆಯೂ ನಮ್ಮ ಸಂಸದರ ಹತ್ತಿರವೇ! ಪಾರ್ಕಿನಲ್ಲಿ ಅವತ್ತು ಲಾಡು ಹಂಚಿದ್ದರು. ಲಾಡು ತಿಂದು ಮುಗಿದ ಮೇಲೆ ನಮ್ಮಲ್ಲೇ ತಿಳಿದವರೊಬ್ಬರು ಹೇಳಿದರು: “ಸಚಿವರಾದೋರು ಉತ್ತರ ಹೇಳ್ಬೇಕು ಕಣ್ರೀ, ಪ್ರಶ್ನೆ ಕೇಳೋ ಹಾಗಿಲ್ಲ.” ಅಂದರೆ ಉತ್ತರ ನಮ್ಮೂರಿನದು, ಪ್ರಶ್ನೆಯನ್ನು ಮಾತ್ರ ಬೇರೆ ಊರಿನವರಿಂದ ಕಡ ತರಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಈ ತಾಪತ್ರಯವಿಲ್ಲ. ಅವರ ಬೆಂಗಳೂರು ಗ್ರಾಮಾಂತರ ಕ್ಷೇತ್ರದಿಂದ ಹೋಗಿರುವ ಡಾ. ಸಿ.ಎನ್. ಮಂಜುನಾಥ್ ಸಚಿವರಲ್ಲ, ಹೃದಯದ ಡಾಕ್ಟರು. ಪಿಂಚಣಿಯ ಮೊತ್ತ ಕೇಳಿ ಎದೆ ಹಿಡಿದುಕೊಂಡವರಿಗೆ ಅವರೇ ಸರಿ ಎಂದು ನಮ್ಮಲ್ಲಿ ಕೆಲವರಿಗೆ ಹೊಟ್ಟೆಕಿಚ್ಚು.

ಕೇಳುವ ಚಟ ಈ ಸೀಮೆಗೆ ಹೊಸದೇನಲ್ಲ. ದಿವಾನ್ ರಂಗಾಚಾರ್ಲು 1881ರಲ್ಲೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದ್ದರು. ದಸರೆಯ ಹೊತ್ತಿಗೆ ತಾಲ್ಲೂಕು ತಾಲ್ಲೂಕಿನಿಂದ ರೈತರೂ ವ್ಯಾಪಾರಸ್ಥರೂ ಬಂದು ಕೂರುವುದು, ದಿವಾನರು ವರ್ಷದ ವರದಿ ಓದುವುದು, ಆಮೇಲೆ ಇವರ ಅಹವಾಲು ಕೇಳುವುದು. ಮತಕ್ಕೆ ಹಾಕುವ ಹಕ್ಕಿಲ್ಲ, ಕೇಳುವುದಷ್ಟೇ. ಆದರೂ ಒಂದು ಅನುಕೂಲವಿತ್ತು: ಕೇಳಲು ಹೋದವರು ಜಂಬೂಸವಾರಿ ನೋಡಿಕೊಂಡು ಬರಬಹುದಿತ್ತು.

ಪಿಂಚಣಿಯ ಪ್ರಶ್ನೆಗೆ ಬರುತ್ತೇನೆ. ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದನ್ನು 7,500 ಮಾಡಿ, ಮೇಲೆ ತುಟ್ಟಿಭತ್ಯೆ ಕೊಡಿ ಎಂಬುದು ಪಿಂಚಣಿದಾರರ ಬೇಡಿಕೆ. ಪಕ್ಷಭೇದವಿಲ್ಲದೆ ಸಂಸದರು ಇದನ್ನು ಕೇಳುತ್ತ ಬಂದಿದ್ದಾರೆ. ಹೇಮಾಮಾಲಿನಿಯವರು ಪಿಂಚಣಿದಾರರ ನಿಯೋಗವನ್ನು ಪ್ರಧಾನಿಯವರ ಹತ್ತಿರಕ್ಕೇ ಕರೆದುಕೊಂಡು ಹೋಗಿದ್ದರು. ಆ ಫೋಟೋ ನಮ್ಮ ವಾಟ್ಸಾಪ್ ಗುಂಪಿನಲ್ಲಿ ತಿಂಗಳುಗಟ್ಟಲೆ ಓಡಾಡಿತು; ಎಲ್ಲರೂ ಪಿಂಚಣಿಯ ಆಸಕ್ತಿಯಿಂದಲೇ ನೋಡಿದರು ಎಂದು ಪ್ರಮಾಣ ಮಾಡಿ ಹೇಳಲಾರೆ. ಕಾರ್ಮಿಕ ಸಚಿವರಾಗಿದ್ದ ಸಂತೋಷ್ ಗಂಗ್ವಾರ್ ಹೋದರು, ಭೂಪೇಂದರ್ ಯಾದವ್ ಬಂದರು, ಮನಸುಖ್ ಮಾಂಡವಿಯ ಬಂದರು. ಉತ್ತರ ಮಾತ್ರ ದೇವಸ್ಥಾನದ ಸಂಕಲ್ಪದ ಹಾಗೆ. ಕೇಳಿದವರ ಹೆಸರು, ತಾರೀಖು ಬದಲಾಗುತ್ತವೆ, ಮಿಕ್ಕ ಮಂತ್ರ ಅದೇ. ಮಾಲೀಕರಿಂದ 8.33, ಸರ್ಕಾರದಿಂದ 1.16 ಬರುತ್ತದೆ, ನಿಧಿಯ ಮೌಲ್ಯಮಾಪನ ವರ್ಷವರ್ಷವೂ ನಡೆಯುತ್ತದೆ, ನಿಧಿಯಲ್ಲಿ ಕೊರತೆಯಿದೆ, ಆದಾಗ್ಯೂ ಸರ್ಕಾರ ತನ್ನ ಬಜೆಟ್ಟಿನಿಂದ ಹಣ ತುಂಬಿ ಕನಿಷ್ಠ 1,000 ಕೊಡುತ್ತಿದೆ. ಇಷ್ಟು ಕೇಳುವಷ್ಟರಲ್ಲಿ ನಮ್ಮನೆ ಕುಕ್ಕರ್ ಕೂಗಿರುತ್ತದೆ.

ಸಿಟ್ಟಿನಲ್ಲಿ ಒಂದು ದಿನ ಪೆನ್ಸಿಲ್ ಹಿಡಿದು ಕೂತೆ. ಈಗಿನ ಸಂಬಳದ ಮಿತಿ 15,000. ಅದನ್ನು 35 ವರ್ಷದಿಂದ ಗುಣಿಸಿ, ಆ ಹಾಳು 70ರಿಂದ ಭಾಗಿಸಿದರೆ 7,500. ನಾವು ನೆಲ ಎಂದು ಕೇಳುತ್ತಿರುವುದು ಅವರ ಸೂತ್ರದ ಸೂರು! ಸೂತ್ರವನ್ನು ಹಾಗೇ ಇಟ್ಟುಕೊಂಡು ಸೂರನ್ನು ನೆಲಕ್ಕೆ ತರುವುದು ಯಾವ ಸಚಿವರಿಂದಲೂ ಆಗದ ಕೆಲಸ. ಹಾಗೆಂದು ಹತ್ತು ವರ್ಷ ಕಳೆದರೂ 1,000 ಸಾವಿರವಾಗಿಯೇ ಉಳಿದಿರುವುದು ನ್ಯಾಯವಲ್ಲ. ಕೊರತೆ ತುಂಬಬೇಕಾದವರು ಸರ್ಕಾರದವರೇ, ಬೇರೆ ದಾರಿಯಿಲ್ಲ. ಇದನ್ನು ಪಾರ್ಕಿನಲ್ಲಿ ಹೇಳಿದೆ. “ನೀವು ಯಾರ ಕಡೆ?” ಎಂದು ಕೇಳಿದರು. ಅದು ಚುಕ್ಕೆ ಗುರುತಿನ ಪ್ರಶ್ನೆ.

ಈ ಸಣ್ಣ ಮೊತ್ತ ಪಡೆಯಲೂ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ಸಾಬೀತು ಮಾಡಬೇಕು. ಸೇವಾ ಕೇಂದ್ರವೊಂದರ ಹುಡುಗ ನನ್ನ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿ, ಒರೆಸಿ, ಮತ್ತೆ ಒತ್ತಿ, “ಅಂಕಲ್, ನಿಮಗೆ ಗೆರೆಗಳೇ ಇಲ್ವಲ್ಲ!” ಎಂದ. ಎಲ್ಲಿರುತ್ತವೆ? ಕೂಲಂಟ್ ಎಣ್ಣೆಯಲ್ಲಿ ನೆನೆದು, ಬಿಸಿ ಕಬ್ಬಿಣದ ಚೂರು ಬಳಿದು, ಪೀಣ್ಯದ ಎಷ್ಟೋ ಜನರ ಬೆರಳು ಹೀಗೇ ನುಣುಪು. ಯಾವ ಕೆಲಸಕ್ಕಾಗಿ ಪಿಂಚಣಿ ಬರುತ್ತದೋ ಆ ಕೆಲಸವೇ ಗುರುತು ಅಳಿಸಿ ಹಾಕಿತ್ತು. ಕೊನೆಗೆ ಮಗಳು ಮನೆಯಲ್ಲೇ ಮೊಬೈಲಿನಲ್ಲಿ ಮುಖ ತೋರಿಸುವ ಏರ್ಪಾಟು ಮಾಡಿದಳು. “ಅಪ್ಪಾ, ಕಣ್ಣು ಮಿಟುಕಿಸು. ಇನ್ನೊಂದ್ಸಲ. ಎರಡೂ ಕಣ್ಣು!” ಒಂದೇ ಕಣ್ಣು ಹೊಡೆದಿದ್ದೆನಂತೆ. “ಮದುವೆಗೆ ಮುಂಚೆ ಇದೆಲ್ಲ ಬರ್ತಿರಲಿಲ್ಲ ನಿಮಗೆ” ಎಂದು ಒಳಗಿನಿಂದ ದನಿ ಬಂತು.

ಪ್ರಶ್ನೆ ಎಂದರೆ 2016ರ ಏಪ್ರಿಲ್ ನೆನಪಾಗದೆ ಇರುವುದಿಲ್ಲ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಆ ಫೆಬ್ರವರಿಯಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತ್ತು. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಆ ಹಣವೇ ಮಗಳ ಮದುವೆ, ಅದೇ ಮನೆಯ ಭೋಗ್ಯ. ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಇಳಿದರು. ಮರುದಿನ ನಮ್ಮ ತುಮಕೂರು ರಸ್ತೆ, ಜಾಲಹಳ್ಳಿ ಕ್ರಾಸ್ ಎಲ್ಲ ಅವರೇ. ನಾಯಕರಿಲ್ಲ, ಬಾವುಟವಿಲ್ಲ, ಕತ್ತಿಗೆ ನೇತುಹಾಕಿದ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಬಸ್ಸುಗಳು ಸುಟ್ಟವು, ಹೆಬ್ಬಗೋಡಿ ಠಾಣೆಯ ಮುಂದೆ ವಾಹನಗಳು ಉರಿದವು; ಅದನ್ನು ಸರಿಯೆನ್ನಲಾರೆ. ಲಾಠಿ ಏಟು ತಿಂದವರಲ್ಲಿ ಸುಮ್ಮನೆ ನಿಂತಿದ್ದವರೂ ಇದ್ದರು. ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ಜುಲೈ 31ರವರೆಗೆ ಮುಂದೂಡಿದ್ದೇವೆ ಎಂದರು. 19ರ ಸಂಜೆಯ ಹೊತ್ತಿಗೆ ರದ್ದೇ ಮಾಡಿದ್ದೇವೆ ಎಂದರು. ಹದಿನೈದು ದಿನದ ಸೂಚನೆ ಇಲ್ಲ, ಚೀಟಿ ಎತ್ತಲಿಲ್ಲ. ಸದನದಲ್ಲಿ ಕೇಳಿದ ಎಷ್ಟೋ ಪ್ರಶ್ನೆಗಳು ಕಾಣದ ಉತ್ತರವನ್ನು ಅವರು ಎರಡು ದಿನದಲ್ಲಿ ಪಡೆದರು. ಅವರು ಕೇಳಿದ್ದು ತಮ್ಮದೇ ಹಣವನ್ನು ಮುಟ್ಟಬೇಡಿ ಎಂದು. ನಾವು ಕೇಳುತ್ತಿರುವುದು ಇನ್ನಷ್ಟು ಹಾಕಿ ಎಂದು. ವ್ಯತ್ಯಾಸವಿದೆ. ಜೊತೆಗೆ, ನಮ್ಮ ಪಾರ್ಕಿನವರ ಮಂಡಿ ನೋಡಿದರೆ ಜಾಲಹಳ್ಳಿ ಕ್ರಾಸಿನವರೆಗೂ ನಡೆಯುವ ಭರವಸೆಯಿಲ್ಲ.

ಪ್ರಶ್ನೆಯೇ ಇಲ್ಲದೆ ಸಿಗುವ ಪಿಂಚಣಿಯೂ ಉಂಟು. ಮಾಜಿ ಸಂಸದರದ್ದು 25,000ದಿಂದ 31,000ಕ್ಕೆ ಏರಿದ್ದು 2025ರ ಮಾರ್ಚ್‌ನ ಒಂದು ಅಧಿಸೂಚನೆಯಿಂದ, ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯ. ಅದೇ ತಿಂಗಳ 21ರಂದು ನಮ್ಮ ವಿಧಾನಸೌಧದಲ್ಲಿ ಗದ್ದಲವೋ ಗದ್ದಲ, ಬಿಜೆಪಿಯ 18 ಶಾಸಕರು ಅಮಾನತಾದರು. ಆ ಗದ್ದಲದ ನಡುವೆಯೇ ಶಾಸಕರ ಸಂಬಳ, ಪಿಂಚಣಿ ಏರಿಸುವ ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಗದ್ದಲದಿಂದ ಕಲಾಪ ಹಾಳಾಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಮೊನ್ನೆ ಭಾನುವಾರ ವೈಟ್‌ಫೀಲ್ಡಿನಿಂದ ಮಗಳು ಅಳಿಯ ಬಂದಿದ್ದರು. ಅಳಿಯಂದಿರು ಐಟಿಪಿಎಲ್ ಹತ್ತಿರದ ಕಂಪನಿಯಲ್ಲಿದ್ದಾರೆ, ಮಿತಭಾಷಿ. ಅವರ ಸಂಬಳದ ಪಟ್ಟಿ ತರಿಸಿ ನೋಡಿದೆ. ಅವರು ಕೆಲಸಕ್ಕೆ ಸೇರಿದ್ದು 2014ಕ್ಕೆ ಮುಂಚೆ. ಹಾಗಾಗಿ ತಿಂಗಳಿಗೆ 1,250 ಪಿಂಚಣಿ ನಿಧಿಗೆ ಹೋಗುತ್ತಿದೆ. ಅವರ ಕೈಕೆಳಗಿನ ಹುಡುಗರಿಗೆ ಅದೂ ಇಲ್ಲ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ ಸೇರಿದವರ ಮೂಲವೇತನ 15,000 ದಾಟಿದ್ದರೆ ಅವರನ್ನು ಯೋಜನೆಗೆ ಸೇರಿಸುವುದೇ ಇಲ್ಲ. ಅಳಿಯಂದಿರು ಮೊದಲ ಬಾರಿಗೆ ನನ್ನನ್ನೊಂದು ಪ್ರಶ್ನೆ ಕೇಳಿದರು. “ಹಾಗಾದ್ರೆ ಮಾವ, ನಂಗೆ ಕೊನೇಲಿ ಎಷ್ಟು ಬರುತ್ತೆ? ಮಧ್ಯ ಕಂಪನಿ ಬದಲಿಸಿದಾಗ ಒಂದ್ಸಲ ದುಡ್ಡು ತೆಗೆದಿದ್ದೆ, ಅದರಿಂದ ತೊಂದ್ರೆ ಏನಾದ್ರೂ?”

ಇಂಥ ಅವಕಾಶಕ್ಕೆ ನಾನು ಎಷ್ಟು ಕಾಲದಿಂದ ಕಾದಿದ್ದೆ! ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಹತ್ತು ವರ್ಷ ಸೇವೆಯಾದರೆ ಮಾತ್ರ ಪಿಂಚಣಿ, ಹಣ ತೆಗೆದ ಅವಧಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಶುರುಮಾಡಿದೆ. 8.33ರಿಂದ 1.16ಕ್ಕೆ ಬಂದೆ, ಅಲ್ಲಿಂದ ನಿಧಿಯ ಕೊರತೆಗೆ. ಮಗಳು ಮೊಬೈಲು ತೆಗೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಉಪಪ್ರಶ್ನೆ:

“ಏನ್ರೀ, ಗ್ಯಾಸ್ ಬುಕ್ ಮಾಡಿದ್ರಾ?”

“ಮಾಹಿತಿ ಸಂಗ್ರಹಿಸಿ ಸದನದ ಮೇಜಿನ ಮೇಲೆ ಇಡಲಾಗುವುದು” ಎಂದೆ.

“ಮೇಜಿನ ಮೇಲೆ ಜಾಗ ಎಲ್ಲಿದೆ? ಮೊದಲು ನಿಮ್ಮ ಪೇಪರ್ ರಾಶಿ ಎತ್ತಿ. ಎಲೆ ಹಾಕ್ಬೇಕು.”